ಮನೆಗೆ ಕಳಿಸುವ ಮಾತು

ಜನವರಿ 10, ಮಂಗಳವಾರ, ರಾತ್ರಿ 8

ಇಪ್ಪತ್ತಮೂರನೆಯ ಭಾಷಾ ಪಾಠ. ಮಿಸ್ಟರ್ ಹಾನ್ ಇವತ್ತೂ ಹತ್ತು ನಿಮಿಷ ಮೊದಲೇ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಕೊರಿಯಾ ಬಿಟ್ಟು ಇಂಡೋನೇಷ್ಯಾದ ನಮ್ಮ ಸುಬಾಂಗ್‌ಗೆ ಬಂದು ಏಳು ತಿಂಗಳು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಮ್ಯಾನೇಜರ್. ‘ರ’ ಇನ್ನೂ ‘ಲ’ ಆಗುತ್ತದೆ. ನನ್ನನ್ನು ‘ಇಬು’, ಅಂದರೆ ಮೇಡಂ, ಅನ್ನುವುದು ಮಾತ್ರ ಸ್ಪಷ್ಟ. ಹೆಂಡತಿಗೆ ಫೋನಿನಲ್ಲಿ ಇಂಡೋನೇಷಿಯನ್‌ನಲ್ಲಿ ನೂರರವರೆಗೆ ಎಣಿಸಿ ತೋರಿಸಿದರಂತೆ. ಅವಳು ನಕ್ಕು ನಕ್ಕು ಸುಸ್ತಾದಳಂತೆ.

ನನ್ನ ತಂಗಿ ತಿತಿನ್ ಅದೇ ಫ್ಯಾಕ್ಟರಿಯಲ್ಲಿ, ಆರನೆಯ ಲೈನಿನಲ್ಲಿ ಕಾಲರ್ ಹೊಲಿಯುತ್ತಾಳೆ. ನಾನು ಅವರಿಗೆ ಪಾಠ ಹೇಳುವುದು ಅವಳಿಗೆ ಗೊತ್ತು; ಅವಳು ನನ್ನ ತಂಗಿ ಎಂದು ಅವರಿಗೆ ಹೇಳಿಲ್ಲ. ಶಿಫಾರಸು ಅಂದುಕೊಂಡಾರು…

ಜನವರಿ 17, ಮಂಗಳವಾರ

ಹೆಡ್ ಆಫೀಸಿನ ಕಾಗದ ತಂದಿದ್ದರು. ಒಂದು ಪದದ ಕೆಳಗೆ ಗೆರೆ — ದಿರುಮಾಹ್ಕನ್.

“ರುಮಾಹ್ ಅಂದ್ರೆ ಮನೆ. ಮೊದಲನೇ ಪಾಠ. ಕಂಪನಿ ಜನಕ್ಕೆ ಮನೆ ಕೊಡುತ್ತಾ, ಇಬು?”

ಮುಖದಲ್ಲಿ ಖುಷಿ. ಮನೆ ಕೊಡುವುದಲ್ಲ, ಮನೆಗೆ ಕಳಿಸುವುದು ಅಂದೆ. ನಾಳೆಯಿಂದ ಕೆಲಸವಿಲ್ಲ ಅನ್ನುವುದನ್ನು ನಮ್ಮಲ್ಲಿ ಹೀಗೆ ಮೆತ್ತಗೆ ಹೇಳುತ್ತಾರೆ. ಪೆನ್ಸಿಲ್ ಕೆಳಗಿಟ್ಟರು.

ಐದರಿಂದ ಎಂಟನೆಯ ಲೈನ್. ನೂರ ಎಂಬತ್ತು ಜನ. ಇಪ್ಪತ್ತೇಳಕ್ಕೆ ಅವರೇ ನಿಂತು ಹೇಳಬೇಕು. ಆದಷ್ಟು ನೋವಾಗದ ಹಾಗೆ ಹೇಳಲು ಕಲಿಸಿ ಎಂದರು. ಅಲ್ಲಿಯವರೆಗೆ ಯಾರಿಗೂ ತಿಳಿಯಬಾರದು ಎಂದೂ ಕೇಳಿಕೊಂಡರು. ಆಗಲಿ ಅಂದೆ. ಅಂದುಬಿಟ್ಟೆ.

ಜನವರಿ 22, ಭಾನುವಾರ

ತಿತಿನ್ ಸೋಯಾ ತೆಂಪೆ ಕರಿದು ತಂದಿದ್ದಳು. ಪಕ್ಕದ ಊರು ಪುರ್ವಾಕರ್ತಾದ ಗ್ಲೌಸ್ ಫ್ಯಾಕ್ಟರಿಯಲ್ಲಿ ಅವಳನ್ನು ಕೆಲಸಕ್ಕೆ ಕರೆದಿದ್ದಾರೆ. ಬುಧವಾರದೊಳಗೆ ಉತ್ತರ ಹೇಳಬೇಕಂತೆ.

“ಎಂಟು ವರ್ಷ ಕೂತ ಜಾಗ. ಬಿಡ್ಲಾ, ಬೇಡ್ವಾ? ನೀನು ಹೇಳಿದ ಹಾಗೆ.”

ಟೀ ನೆಪದಲ್ಲಿ ಒಳಗೆ ಹೋದೆ. ಹೊರಗೆ ಬಂದು, ನಿನ್ನಿಷ್ಟ ಅಂದೆ. ಹಾಗಾದ್ರೆ ಇಲ್ಲೇ ಇರ್ತೀನಿ, ನೀನೂ ಹತ್ತಿರ ಅಂದಳು.

ಕೊಟ್ಟ ಮಾತಿಗೆ ಕಟ್ಟುಬಿದ್ದೆ ಎಂದು ಬರೆಯಬಹುದು. ಪಾಠ ಕೈತಪ್ಪೀತು ಎಂಬ ಹೆದರಿಕೆ — ಅದೂ ಇತ್ತು.

ಜನವರಿ 24, ಮಂಗಳವಾರ

ಶುಕ್ರವಾರ ಹೇಳಬೇಕಾದ ಮಾತನ್ನು ಹನ್ನೆರಡು ಸಲ ಹೇಳಿಸಿದೆ. ಕೊನೆಗೆ ‘ಕ್ಷಮಿಸಿ’ ಎಂಬುದನ್ನು ಪುಸ್ತಕದ ಭಾಷೆಯಲ್ಲಿ ಬೇಡವೆಂದು, ನಾವು ಮನೆಯಲ್ಲಿ ಆಡುವ ಸುಂಡಾ ಮಾತಿನಲ್ಲಿ ಬರೆದುಕೊಟ್ಟೆ. ಹಾಪುನ್ತೆನ್. ಅದನ್ನು ಮಾತ್ರ ಒಂದೇ ಸಲಕ್ಕೆ ಸರಿಯಾಗಿ ಅಂದರು.

“ಅವರು ಅಳುತ್ತಾರಾ?”

ಅಳಬಹುದು.

“ಆಗ ನಾನು ಏನು ಹೇಳಬೇಕು?”

ಏನೂ ಹೇಳಬೇಡಿ ಅಂದೆ.

ಜನವರಿ 27, ಶುಕ್ರವಾರ

ಮಧ್ಯಾಹ್ನದಿಂದ ಬಾಗಿಲಲ್ಲೇ. ಐದು ಗಂಟೆಗೆ ನಮ್ಮ ಬೀದಿಯ ಹೆಂಗಸರು ಫ್ಯಾಕ್ಟರಿಯಿಂದ ಬಂದರು — ಕೈಯಲ್ಲಿ ತಮ್ಮ ತಮ್ಮ ಕತ್ತರಿ, ಟೀ ಲೋಟ, ಕುರ್ಚಿಗೆ ಹಾಕುತ್ತಿದ್ದ ದಿಂಬು. ತಿತಿನ್ ಫೋನ್ ಎತ್ತುತ್ತಿಲ್ಲ.

ಫೆಬ್ರವರಿ 5, ಭಾನುವಾರ

ತಿತಿನ್ ಬಾರದೆ ಎರಡು ಭಾನುವಾರ ಕಳೆಯಿತು. ಅವಳ ಬಾಡಿಗೆ ಕೋಣೆಗೆ ಹೋಗಿದ್ದೆ. ಬೀಗ. ಸೋಮವಾರವೇ ಖಾಲಿ ಮಾಡಿದಳಂತೆ. ಎಲ್ಲಿಗೆ ಎಂದು ಹೇಳಲಿಲ್ಲವಂತೆ. ಪುರ್ವಾಕರ್ತಾಕ್ಕೂ ಫೋನ್ ಮಾಡಿದೆ. ಆ ಜಾಗ ತುಂಬಿಹೋಗಿದೆ.

ಫೆಬ್ರವರಿ 7, ಮಂಗಳವಾರ, ರಾತ್ರಿ 8.30

ಕಳೆದ ವಾರ ತಪ್ಪಿಸಿಕೊಂಡಿದ್ದ ಮಿಸ್ಟರ್ ಹಾನ್ ಇವತ್ತು ಬಂದರು. ಮುಖ ಇಳಿದಿತ್ತು. ಅವತ್ತು ಯಾರೂ ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದರು. ಒಬ್ಬಳು ಮಾತ್ರ ಹೋಗುವ ಮುಂಚೆ ಮುಂದೆ ಬಂದು, ನಿಧಾನವಾಗಿ, ಅವರಿಗೆ ತಿಳಿಯುವ ಹಾಗೆ ಒಂದು ಮಾತು ಹೇಳಿದಳಂತೆ. ಒಂದು ಪದ ಡಿಕ್ಷನರಿಯಲ್ಲಿ ಸಿಗಲಿಲ್ಲ. ಚೀಟಿ ತೆಗೆದು ಓದಿದರು.

“‘ನಮ್ಮ ತೆತೆಹ್ ನಿಮಗೆ ಚೆನ್ನಾಗಿ ಕಲಿಸಿದ್ದಾಳೆ.’ ತೆತೆಹ್ ಅಂದ್ರೆ ಏನು, ಇಬು?”

ಸುಂಡಾ ಮಾತು. ಅಕ್ಕ ಅಂತ ಅರ್ಥ ಎಂದೆ.

“ಯಾರ ಅಕ್ಕ?”

ನಾನು, ಅಂದೆ. ಆರನೆಯ ಲೈನಿನ ತಿತಿನ್‌ಳ ಅಕ್ಕ.