ಗಡಿಬಿಡಿಯ ಒಗೆಯದ ಹಾಸು

ಭಾನುವಾರ, ೧೮ನೇ ತಾರೀಖು

ನನ್ನ ಮಗಳಿಗೆ ಅಮ್ಮ ಬರೆಯುವುದು.

ಇಲ್ಲಿ ಎಲ್ಲರೂ ಆರಾಮ. ನೀನೂ ಆರಾಮವಾಗಿದ್ದೀ ಎಂದುಕೊಂಡಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಲಾಂಡ್ರಿಯಲ್ಲಿ ಕೆಲಸ ಹೆಚ್ಚಿತ್ತು ಎನ್ನಬಹುದಿತ್ತು, ಆದರೆ ನೆಪ ಹೇಳಿ ನನಗೆ ಅಭ್ಯಾಸವಿಲ್ಲ. ನಮ್ಮ ನಾಯಿ ಗಡಿಬಿಡಿಯ ಮುರಿದ ಕಾಲು ಉಳಿಯುತ್ತದೋ ಇಲ್ಲವೋ ತಿಳಿಯದೆ ಏನು ಬರೆಯಲಿ ಎಂದು ಸುಮ್ಮನಿದ್ದೆ. ಈಗ ಬರೆಯುತ್ತೇನೆ: ಉಳಿಯಿತು. ನಿನ್ನೆ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದರು. ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ಆಪರೇಷನ್ ಆದ ದಿನ ಅವರು ಒಂದು ದೊಡ್ಡ ತಂತಿಯ ಗೂಡು ಕೊಟ್ಟಿದ್ದರು. ಮೂಳೆ ಕೂಡುವ ತನಕ ಗಡಿಬಿಡಿ ಇದರಲ್ಲೇ ಇರಬೇಕು, ಓಡಿದರೆ ಹಾರಿದರೆ ಒಳಗೆ ಮೂಳೆಗೆ ಹಾಕಿದ ಪ್ಲೇಟು ಜರುಗುತ್ತದೆ, ಆಮೇಲೆ ಕಾಲು ತೆಗೆಯದೆ ಬೇರೆ ದಾರಿಯಿಲ್ಲ ಎಂದಿದ್ದರು. ಅದು ಹುಟ್ಟಿದಾಗಿನಿಂದ ಒಂದು ಕಡೆ ಕೂತ ನಾಯಿಯಲ್ಲ; ಹೆಸರಿಟ್ಟವಳು ನೀನೇ. ಒಳಗೆ ದಬ್ಬಿ ಬಾಗಿಲು ಹಾಕಿದರೆ ತಂತಿ ಕಚ್ಚಿ ಒಸಡಿನಲ್ಲಿ ರಕ್ತ, ಮುರಿದ ಕಾಲಿನಲ್ಲೇ ಒದೆತ. ಬಾಗಿಲು ತೆಗೆದರೆ ಮೇಜಿನ ಕೆಳಗೆ. ಲಾಂಡ್ರಿಯಲ್ಲಿ ನಾನು ಕನ್ನಡಕದ ಮೇಲಿಂದ ನೋಡಿದರೆ ಸಾಕು, ಎಲ್ಲರೂ ತೆಪ್ಪಗಾಗುತ್ತಾರೆ. ಈ ನಾಯಿ ನನ್ನನ್ನೇ ದುರುಗುಟ್ಟಿ ನೋಡಿತು.

ನಿನ್ನ ಚಿಕ್ಕಪ್ಪ ದಿನಾ ಕಾಫಿ ಲೋಟ ಹಿಡಿದು ಬಂದು, "ಅತ್ತಿಗೆ, ಆರೋಪಿಗೆ ಜಾಮೀನು ಸಿಕ್ತಾ?" ಎಂದು ಕೇಳುವುದು.

"ಪಕ್ಕದಲ್ಲಿ ಇನ್ನೊಂದು ಗೂಡಿಗೆ ಜಾಗ ಇದೆ, ನೋಡ್ಕೋ" ಎಂದೆ. ಆವತ್ತಿನಿಂದ ಕಾಫಿ ಅಡುಗೆಮನೆಯಲ್ಲೇ ಮುಗಿಸುತ್ತಾನೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ದಬ್ಬಬೇಡಿ ಎಂದರು. ಬಾಗಿಲು ತೆರೆದೇ ಇರಲಿ, ಊಟ ಒಳಗೇ ಕೊಡಿ, ತಾನಾಗಿ ಹೋಗಿ ಮಲಗಿದ ಮೇಲೆ ಬಾಗಿಲು ಹಾಕಿ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿರಿ, ಆ ಹೊತ್ತನ್ನು ದಿನದಿನಕ್ಕೆ ಹೆಚ್ಚಿಸಿ ಎಂದರು. ಹಾಗೇ ಮಾಡಿದೆ. ನೆಲದ ಮೇಲೆ ಕೂತು ಬೇಯಿಸಿದ ಮೊಟ್ಟೆಯ ಚೂರುಗಳನ್ನು ಒಳಗಿಟ್ಟೆ. ನಿನಗೂ ನಾನು ಹಾಗೆ ಕೂತು ತಿನ್ನಿಸಿದವಳಲ್ಲ. ಸಂಜೆಯ ಹೊತ್ತಿಗೆ ಒಳಗೆ ಹೋಗಿ ಮಲಗಿತು. ಗೆದ್ದೆ ಎಂದುಕೊಂಡೆ. ಬೆಳಿಗ್ಗೆ ಹಿತ್ತಲಿಗೆ ಕರೆದೊಯ್ದು ವಾಪಸ್ ತಂದರೆ ಮೂತಿ ಒಳಗಿಟ್ಟು ಮೂಸಿ, ಹಿಂದೆ ಸರಿಯಿತು. ದಿನಾ ಇದೇ ಕಥೆ. ಸಂಜೆಯ ತನಕ ಪಟ್ಟ ಪಾಡೆಲ್ಲ ಬೆಳಿಗ್ಗೆ ನೀರುಪಾಲು.

ನನ್ನ ಮನೆಯಲ್ಲಿ ಕೊಳೆ ಬಟ್ಟೆ ಉಳಿಯುವುದಿಲ್ಲ, ನಿನಗೆ ಗೊತ್ತಿದೆ. ದಿನಾ ಬೆಳಿಗ್ಗೆ ಗೂಡಿನ ಹಾಸನ್ನು ಬಿಸಿನೀರಿನಲ್ಲಿ ಒಗೆಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಹಾಸುತ್ತಿದ್ದೆ. ರೋಗಿಯ ಹಾಸಿಗೆ ಮತ್ತೆ ಹೇಗಿರಬೇಕು? ಒಂದು ದಿನ ಲಾಂಡ್ರಿಯ ಬಾಯ್ಲರ್ ಕೆಟ್ಟಿತು. ಹಿಂದಿನ ದಿನದ ಹಾಸನ್ನೇ ಕೂದಲು ಜೊಲ್ಲು ಸಮೇತ ಬಿಡಬೇಕಾಯಿತು. ರಿಪೇರಿಯವನ ಜೊತೆ ಜಗಳ ಮುಗಿಸಿ ಒಳಗೆ ಬಂದರೆ, ಯಾರೂ ಕರೆಯದೆ, ಮೊಟ್ಟೆಯೂ ಇಲ್ಲದೆ, ಗಡಿಬಿಡಿ ಗೂಡಿನಲ್ಲಿ ಗೊರಕೆ ಹೊಡೆಯುತ್ತಿದೆ. ಆಗ ಹೊಳೆಯಿತು. ಅದು ಮಲಗಿ ಮಲಗಿ ತನ್ನ ವಾಸನೆ ಹಿಡಿಸಿ ತನ್ನದು ಮಾಡಿಕೊಂಡ ಜಾಗವನ್ನು ನಾನು ಪ್ರತಿ ಬೆಳಿಗ್ಗೆ ಒಗೆದು ಬೇರೆ ಯಾರದೋ ಮಾಡುತ್ತಿದ್ದೆ.

ಗಾಯ ಆಗಲೇ ಒಣಗಿತ್ತು. ಡಾಕ್ಟರಮ್ಮನೂ ಅಡ್ಡಿಯಿಲ್ಲ ಎಂದ ಮೇಲೆ ಹಾಸಿನ ತಂಟೆಗೆ ಹೋಗಲಿಲ್ಲ. ಚಿಕ್ಕಪ್ಪ ಮೂಗು ಮುಚ್ಚಿಕೊಂಡು, ಇದು ನಮ್ಮ ಮನೆಯೇ ಹೌದಾ ಎಂದು ಕೇಳಿದ. ಕನ್ನಡಕದ ಮೇಲಿಂದ ನೋಡಿದೆ; ಅವನ ಮೇಲೆ ಅದು ಇನ್ನೂ ಕೆಲಸ ಮಾಡುತ್ತದೆ. ಮೊದಮೊದಲು ಬಾಗಿಲು ಹಾಕಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕೂತೆ. ಆಮೇಲೆ ಅಡುಗೆಮನೆಗೆ, ಆಮೇಲೆ ಲಾಂಡ್ರಿಗೇ ಹೋಗಿಬರುವಷ್ಟಾಯಿತು. ನಾನು ಹೊರಟರೆ ಒಂದು ಕಣ್ಣು ತೆರೆಯುವುದು, ಮತ್ತೆ ಮುಚ್ಚುವುದು, ಅಷ್ಟೇ.

ನಿನ್ನೆ ಡಾಕ್ಟರಮ್ಮ ಕಾಲನ್ನು ಒತ್ತಿ, ಮಡಿಸಿ ನೋಡಿ, "ಇನ್ನು ಗೂಡಿನ ಬಾಗಿಲು ಹಾಕೋದು ಬೇಡಮ್ಮ, ನಿಧಾನಕ್ಕೆ ನಡೆಸಿ" ಎಂದರು. ಬರುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆನಂತೆ. ಅತ್ತಿಗೆಗೆ ಇಷ್ಟು ಮಾತು ಬರುತ್ತದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂದು ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಲಿ. ಈಗ ಬಾಗಿಲು ತೆರೆದೇ ಇದೆ, ಆದರೂ ಅದು ಮಲಗುವುದು ಗೂಡಿನಲ್ಲೇ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಹಿಡಿದ ಕೆಲಸ ನಿನ್ನ ಕೈಗೆ ಹತ್ತಲಿ, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಮ್ಮ

ಮರೆತ ವಿಷಯ: ಮರೆತದ್ದಲ್ಲ, ಬೇಕೆಂದೇ ಕೊನೆಗಿಟ್ಟಿದ್ದು. ಗಡಿಬಿಡಿ ಮೆಟ್ಟಿಲಿಂದ ಬಿತ್ತು ಎಂದು ಚಿಕ್ಕಪ್ಪ ನಿನಗೆ ಹೇಳಿದ್ದು ನಾನು ಹೇಳಿಸಿದ್ದು. ಅದು ಬೀಳಲಿಲ್ಲ. ನನಗೆ ಒಪ್ಪಿಗೆಯಿಲ್ಲದ ಕೆಲಸಕ್ಕೆ ಆವತ್ತು ಬೆಳಿಗ್ಗೆ ನೀನು ಒಂದು ಮಾತೂ ಆಡದೆ ಬ್ಯಾಗು ಹಿಡಿದು ಹೊರಟೆಯಲ್ಲ, ಅದು ನಿನ್ನ ಬಸ್ಸಿನ ಹಿಂದೆ ಓಡಿ ತಿರುವಿನಲ್ಲಿ ವ್ಯಾನಿಗೆ ಸಿಕ್ಕಿತು. ಕಾಲು ಹೋಗಿದ್ದರೆ ಇದನ್ನು ನಿನಗೆ ಯಾವತ್ತೂ ಹೇಳುತ್ತಿರಲಿಲ್ಲ. ಇನ್ನು ಮುಂದೆ ಎಷ್ಟೇ ಜಗಳವಾಗಿರಲಿ, ಹೋಗಿ ಬರ್ತೀನಿ ಎಂದು ಮುಖ ನೋಡಿ ಹೇಳಿ ಹೊರಡು. ನಾಯಿಯಾದರೆ ಓಡಿತು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.