ಎಳ್ಳ ಅಮಾವಾಸ್ಯೆಗೆ ಕಿತ್ತ ಕಸ

ದೊಡವಾಡ
೨ ಜನವರಿ ೨೦೨೫

ಪ್ರೀತಿಯ ಶೀತಲ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಹೈದರಾಬಾದಿನ ಆ ಲ್ಯಾಬಿನಲ್ಲಿ ದಿನವಿಡೀ ಎಸಿ ಹಾಕಿಕೊಂಡು ಕೂತರೆ ಕೆಮ್ಮು ಹೋಗುವುದಾದರೂ ಹೇಗೆ? ಶಾಲು ಹೊದ್ದುಕೋ ಅಂದರೆ ನಗುತ್ತೀ. ಇಲ್ಲಿ ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಗಿರಣಿ ನಡೆದಿದೆ, ನಾನೂ ಇದ್ದೇನೆ. ಫೋನಿನಲ್ಲಿ ನನ್ನದು ಬರೀ ಹ್ಞೂಂ, ಹ್ಞೂಂ ಎಂದು ಮೊನ್ನೆ ರೇಗಿದೆಯಲ್ಲ, "ಗಂಡನ ಕೂಡ ಮಾತಾಡಾಕತ್ತೇನೋ ಗ್ವಾಡಿ ಕೂಡನೋ ತಿಳಿಯಾಂಗಿಲ್ಲರಿ" ಎಂದು, ಅದಕ್ಕೇ ಕರೆಂಟು ಹೋದ ಹೊತ್ತು ನೋಡಿ ಗಿರಣಿಯಲ್ಲೇ ಕೂತು ಬರೆಯುತ್ತಿದ್ದೇನೆ. ಕಾಗದದ ತುಂಬ ಹಿಟ್ಟು ಮೆತ್ತಿದ್ದರೆ ಬೈಯಬೇಡ.

ಒಂದು ಸುದ್ದಿ ಫೋನಿನಲ್ಲಿ ಹೇಳದೆ ಮುಚ್ಚಿಟ್ಟಿದ್ದೆ. ನಿನ್ನ ಕಸ ಹೋಯಿತು. ಜೋಳದ ಬೇರಿಗೆ ಬಾಯಿ ಹಾಕಿ ಬೆಳೆಯುವ ಆ ಬಿಳಿ ಹೂವಿನ ಕಸವನ್ನು ಯಾರೂ ಮುಟ್ಟಬಾರದು, ಸಂಕ್ರಾಂತಿಗೆ ಬಂದು ಬೇರುಸಹಿತ ಒಯ್ಯುತ್ತೇನೆ ಎಂದು ಹೇಳಿ ಹೋಗಿದ್ದೆಯಲ್ಲ. ನಾನು ಬಲು ಜಾಣ, ಆ ಜಾಗದ ಸುತ್ತ ಗೂಟ ಹುಗಿದು ಕೆಂಪು ಅರಿವೆ ಕಟ್ಟಿದೆ. ಎಡವಟ್ಟಾದದ್ದು ಅಲ್ಲೇ. ಕಳೆ ತೆಗೆಯುವ ನಮ್ಮ ಹೆಂಗಸರು ಸಂಜೆ ಕೆಲಸ ನಿಲ್ಲಿಸಿದ ಕಡೆ ಅರಿವೆಯ ಚೂರು ಕಟ್ಟಿ ಬರುತ್ತಾರೆ, ಮರುದಿನ ಅಲ್ಲಿಂದಲೇ ಹಿಡಿಯಬೇಕೆಂದು. ಹುಟ್ಟಿದಾಗಿನಿಂದ ನೋಡಿದ ರೂಢಿ, ನನಗೆ ಹೊಳೆಯಲೇ ಇಲ್ಲ. ಎಳ್ಳ ಅಮಾವಾಸ್ಯೆಗೆ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಊಟ ಮಾಡಲು ಬೀಗರು ಹೊಲಕ್ಕೆ ಬರುತ್ತಾರೆ, ಹೊಲ ಹಸನಾಗಿರಬೇಕು ಎಂದು ಅವ್ವ ಹಿಂದಿನ ದಿನ ಹೆಂಗಸರನ್ನು ಕಟ್ಟಿಕೊಂಡು ಹೋದಳು. ಅರಿವೆ ಕಂಡಿತು, ಇಷ್ಟು ಉಳಿದಿದೆ ಎಂದುಕೊಂಡರು. ಹಬ್ಬದ ದಿನ ನಾನು ಬುತ್ತಿ ಹೊತ್ತು ಹೋದಾಗ ಬದುವಿನ ಮೇಲೆ ಕಿತ್ತು ಸುಟ್ಟ ಬೂದಿ ಮಾತ್ರ ಇತ್ತು.

ನನ್ನ ಮುಖ ನೋಡಿ ಅವ್ವನಿಗೆ ನಗು. "ಕಸಾ ಕಿತ್ತಿದ್ದಕ್ಕ ಅಳೂ ಗಂಡಸನ್ನ ಇವತ್ತ ನೋಡಿದೆ" ಎಂದಳು. ನೀನು ಬರುತ್ತಿದ್ದದ್ದೇ ಅದಕ್ಕೆ ಎಂದು ಹೇಳಿದೆ. ನಗು ನಿಂತಿತು. "ಹಂಗಾರ ಆಕಿ ಕಸಾ ನೋಡಾಕ ಬರ್ತಿದ್ದಳೋ, ನಿನ್ನ ನೋಡಾಕ ಬರ್ತಿದ್ದಳೋ?" ಎಂದು ಕೇಳಿದಳು. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಕೇಳಿದ್ದಲ್ಲ, ಅವಳ ಬಾಯಿ ಹೇಗೆಂದು ನಿನಗೆ ಗೊತ್ತು.

ಹೋದ ಸಲ ನೀನು ಬಂದಾಗ ಅಂಗಳದಲ್ಲಿ ಕೂತು ಅವಳಿಗೆ ಪಾಠ ಹೇಳಿದ್ದು ನೆನಪಾಯಿತು. "ಅತ್ತೀ, ಗುಣಾ ಅವ್ವ ಅಪ್ಪನಿಂದ ಅಷ್ಟ ಬರೂದಿಲ್ಲರಿ, ಒಮ್ಮೊಮ್ಮೆ ಬಾಜೂಕಿನ ಗಿಡದಿಂದನೂ ದಾಟಿ ಬರ್ತೈತಿ" ಎಂದಿದ್ದೆ. ಈ ಕಸದ ಆಫ್ರಿಕಾದ ದಾಯಾದಿಯೊಳಗೆ ಜೋಳದಂಥ ಹುಲ್ಲಿನಿಂದ ಬಂದ ಜೀನು ಸಿಕ್ಕಿದೆ, ನಮ್ಮ ಹೊಲದ್ದರಲ್ಲಿ ಏನಿದೆ ಎಂದು ಹುಡುಕುತ್ತಿದ್ದೇನೆ ಎಂದೆ. ಅವ್ವನಿಗೆ ಜೀನು ತಿಳಿಯದೆ ಹೋದಾಗ, ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ, ಹಾಲು ನಮ್ಮದು, ಹೆಪ್ಪು ಅವರದು, ಆಮೇಲೆ ವರ್ಷಾನುಗಟ್ಟಲೆ ಮೊಸರು ನಮ್ಮದೇ ಎಂದೆ. "ಹೆಪ್ಪು ಕೇಳಿ ಒಯ್ಯೂದೈತಿ, ಇದು ಕಳವು ಮಾಡೈತಿ" ಎಂದು ಅವಳು ತೀರ್ಪು ಕೊಟ್ಟಳು. ನೀನು ಬಿಡಲಿಲ್ಲ. ದಾಟಿ ಬಂದದ್ದು ಬಹುಪಾಲು ಕೆಲಸಕ್ಕೆ ಬಾರದೆ ಅಳಿದುಹೋಗುತ್ತದೆ, ಯಾವುದೋ ಒಂದು ಉಪಯೋಗಕ್ಕೆ ಬಂದರೆ ಬೀಜದಿಂದ ಬೀಜಕ್ಕೆ ಉಳಿಯುತ್ತದೆ, ಗಿಡಗಳ ಕುಲ ಬದಲಾಗುತ್ತ ಬಂದ ದಾರಿಗಳಲ್ಲಿ ಇದೂ ಒಂದು ಎಂದೆ. ಬೇರಿಗೆ ಬೇರು ಹತ್ತಿಕೊಂಡು ಬಹಳ ಕಾಲ ಜೊತೆಗೆ ಬಾಳಿದ ಕಡೆ ಇದು ಆಗುವುದು ಹೆಚ್ಚು ಎಂದೂ ಹೇಳಿದೆ. ನಾನು ಪಾಠ ಕೇಳುವ ನೆಪದಲ್ಲಿ ನಿನ್ನನ್ನೇ ನೋಡುತ್ತಿದ್ದೆ.

ಮದುವೆಯಾದ ಮೇಲೆ ನಾವು ಜೊತೆಗೆ ಇದ್ದದ್ದಾದರೂ ಎಷ್ಟು, ಹೇಳು? ಆದರೂ ಅವ್ವ ಈಗ ನಿನ್ನ ಹಾಗೆ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾಳೆ. ನಾನು ಬೈಕು ನಿಲ್ಲಿಸಿ ರಸ್ತೆ ಪಕ್ಕದ ಹುಲ್ಲಿನ ಹೂವು ಬಗ್ಗಿ ನೋಡುತ್ತೇನೆ, ಊರವರು ಏನು ಕಳೆದುಕೊಂಡಿರಿ ಎಂದು ಕೇಳುತ್ತಾರೆ. ನಿನ್ನ ನೆನಪು ಬಹಳ ಆಗುತ್ತದೆ ಶೀತಲ. ನೀನು ಓದುವುದು ನನಗೆ ಹೆಮ್ಮೆ, ನೀನಿಲ್ಲದಿರುವುದು ಸಂಕಟ, ಎರಡೂ ನಿಜ.

ಕಸ ಹೋಯಿತೆಂದು ಸಂಕ್ರಾಂತಿಯ ಟಿಕೆಟ್ ರದ್ದು ಮಾಡಬೇಡ. ಸಿರಸಂಗಿಯಲ್ಲಿ ನನ್ನ ಸೋದರಮಾವ ಪರಪ್ಪನ ಹೊಲದಲ್ಲಿ ಇದೇ ಕಸ ಬೇಕಾದಷ್ಟಿದೆಯಂತೆ. "ನಿನ್ನ ಶಾಣ್ಯಾ ಹೇಣತಿಗಿ ಹೇಳು, ಬೇಕಾದಷ್ಟು ಒಯ್ಯಲಿ, ನನಗೂ ಪೀಡಾ ತಪ್ಪತೈತಿ" ಎಂದ. ನೀನು ಬಂದರೆ ಬೈಕಿನ ಮೇಲೆ ಕರೆದುಕೊಂಡು ಹೋಗುತ್ತೇನೆ. ನಿನ್ನ ಕೆಲಸ ಕೆಡುವುದಿಲ್ಲ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನವನೇ ಆದ
ನಿಂಗರಾಜ

ತಾ.ಕ.: ಮೇಲಿನದನ್ನು ನಿನ್ನೆ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಅವ್ವ ಕೇಳಿದ ಮಾತು ತಲೆಯಿಂದ ಹೋಗಲೊಲ್ಲದು. ಇವತ್ತು ಬೆಳಿಗ್ಗೆ ಸಿರಸಂಗಿಗೆ ಹೋಗಿ ಆ ಕಸವನ್ನು ಜೋಳದ ಬೇರು, ಮಣ್ಣು ಸಹಿತ ಅಗೆದು ತಂದೆ. ನೀನು ಮಾಡುವಂತೆಯೇ ಒದ್ದೆ ಗೋಣಿಯಲ್ಲಿ ಸುತ್ತಿದ್ದೇನೆ, ಬೇರಿನ ಕೂಡಿಕೆ ಬಿಟ್ಟಿಲ್ಲ. ಪಕ್ಕದ ಮನೆಯ ಬಾಳೇಶ ಹೈದರಾಬಾದಿಗೆ ಹೊರಟು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಕಸವನ್ನೂ ಈ ಪತ್ರವನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಇನ್ನು ಕಸಕ್ಕಾಗಿ ನೀನು ಬರಬೇಕಾಗಿಲ್ಲ. ಟಿಕೆಟ್ ರದ್ದು ಮಾಡುವುದಾದರೆ ಮಾಡು, ಸಿಟ್ಟಾಗುವುದಿಲ್ಲ. ಸಂಕ್ರಾಂತಿಯ ದಿನ ಬೆಳಿಗ್ಗೆ ನಾನಂತೂ ಧಾರವಾಡ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ.