ಅರ್ಧ ಫೀಸಿನ ಗಂಟೆ

೧೩ನೇ ತಾರೀಕು, ಗುರುವಾರ

ಪ್ರೀತಿಯ ಅಪ್ಪನಿಗೆ, ನಿನ್ನ ಮೂಗಿಯ ನಮಸ್ಕಾರ.

ಮೊದಲು ನನ್ನ ಅಕ್ಷರವನ್ನು ಮನ್ನಿಸು. ಐದನೇ ತರಗತಿಗೆ ನಿಂತುಹೋದ ಕೈ ಇದು, ಸಾಲು ಬಿಟ್ಟು ಓಡುತ್ತದೆ. ಕಾಗುಣಿತ ತಪ್ಪಿರುವ ಕಡೆ ಪಕ್ಕದಂಗಡಿಯ ದರ್ಜಿ ಮಾವನನ್ನು ಕೇಳಬೇಡ, ಅವರು ಬೀದಿಗೆಲ್ಲ ಸಾರುತ್ತಾರೆ. ನೀನೇ ನಿಧಾನವಾಗಿ ಓದಿಕೋ. ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಬಟ್ಟೆಯ ಮೇಲೆ ಬಿಟ್ಟು ಓದಬೇಡ, ಅಷ್ಟೇ.

ಕಾಗದ ಹಾಕಿ ಒಂದೂವರೆ ತಿಂಗಳಾಯಿತು. ಕೆಲಸ ಹೆಚ್ಚಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬರೆಯಲು ಕುಳಿತಾಗಲೆಲ್ಲ ಒಂದೇ ಸಂಗತಿ ಬಂದು ಅಡ್ಡ ನಿಲ್ಲುತ್ತಿತ್ತು. ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಭಾರದ ಪೆಟ್ಟಿಗೆ ಬಿಟ್ಟು ಹಗುರದ್ದನ್ನು ಕೊಂಡುಕೋ ಎಂದು ಅಮ್ಮ ಹೇಳಿದ್ದನ್ನು ಈಗಲಾದರೂ ಕೇಳಿದೆಯಾ?

ನಾನು ಈ ಕೆಲಸಕ್ಕೆ ಸೇರಿದಾಗ ನೀನು ಹೇಳಿದ್ದು ನೆನಪಿದೆ. "ಬರೀ ಮಾತು ಕೇಳೋಕೆ ದುಡ್ಡು ತಗೋತಾರಾ? ಹಾಗಿದ್ರೆ ನಿಮ್ಮಮ್ಮ ನಂಗೆ ಮೂವತ್ತು ವರ್ಷದ ಬಾಕಿ ಕೊಡ್ಬೇಕು" ಎಂದೆ. ಅಮ್ಮ ಸೌಟು ಎತ್ತಿದ್ದಳು. ಹಾಗಲ್ಲ ಅಪ್ಪ. ಮನಸ್ಸು ಕುಸಿದವರು ಮೇಡಂ ಎದುರು ಕುಳಿತು ಒಂದು ಗಂಟೆ ಮಾತಾಡುತ್ತಾರೆ. ಮೇಡಂ ಗುಳಿಗೆ ಕೊಡುವುದಿಲ್ಲ. ಆದರೂ ಬಂದಾಗಿನ ಮುಖ ಬೇರೆ, ಎರಡು ತಿಂಗಳಾದ ಮೇಲಿನ ಮುಖ ಬೇರೆ. ಅದನ್ನು ನಾನೇ ನೋಡಿದ್ದೇನೆ.

ನಮ್ಮದು ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ. ಒಳಗೆ ಎರಡು ಮೆತ್ತನೆ ಕುರ್ಚಿ. ಹೊರಗೆ ನನ್ನ ಮೇಜು, ಎರಡು ನಿಮಿಷ ಮುಂದೆ ಓಡುವ ಗಡಿಯಾರ, ಮತ್ತು ಬಾಗಿಲಿಗೆ ಮುಖ ಮಾಡಿಟ್ಟ ಫ್ಯಾನು. ಅದು ಗಾಳಿಗಲ್ಲ. ಅದರ ಸದ್ದಿನಲ್ಲಿ ಒಳಗಿನ ಮಾತು ನನಗೆ ಕೇಳಬಾರದು. ಬರುವವರ ಹೆಸರನ್ನು ಹೊರಗೆ ಯಾರಿಗೂ ಹೇಳಬಾರದು, ಆದ್ದರಿಂದ ನಿನಗೂ ಹೇಳುತ್ತಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಮೇಡಂ ಬಾಡಿಗೆಯನ್ನು ಎರಡು ಕಂತಿನಲ್ಲಿ ಕಟ್ಟತೊಡಗಿದ್ದರು. ತಿಂಗಳಿಗೊಮ್ಮೆ ಬರುವ ಲೆಕ್ಕದವರು ನನ್ನ ಪುಸ್ತಕ ತಿರುವಿಹಾಕಿ ಹಣೆ ಚಚ್ಚಿಕೊಂಡರು.

"ಮೇಡಂ, ತರಕಾರಿಯವನು ಸಂಜೆ ಉಳಿದದ್ದನ್ನ ಅರ್ಧ ಬೆಲೆಗಾದ್ರೂ ಮಾರ್ತಾನೆ. ನಿಮ್ಮ ಗಂಟೆ ಕಳೆದ್ರೆ ಕಳೀತು, ನಾಳೆ ಮಾರೋಕಾಗಲ್ಲ. ಹನ್ನೊಂದು ಜನಕ್ಕೆ ಅರ್ಧ ಫೀಸು ಮಾಡಿದ್ದೀರಿ. ನಿಮಗೆ ನೀವೇ ಸಂಬಳ ಕೊಟ್ಕೊಂಡು ಮೂರು ತಿಂಗಳಾಯ್ತು."

"ಅವರು ಕಷ್ಟದಲ್ಲಿದ್ದಾರೆ."

"ನೀವು ಬಾಗಿಲು ಹಾಕಿದ್ರೆ ಅವರ ಕಷ್ಟ ಯಾರು ಕೇಳ್ತಾರೆ, ನಾನಾ? ನನ್ನ ಹೆಂಡತಿಯನ್ನ ಕೇಳಿ, ನಾನು ಯಾರ ಮಾತೂ ಕೇಳಲ್ಲ."

ಅವತ್ತು ಮೇಡಂ ಐದು ಲಕೋಟೆ ತರಿಸಿದರು. ಬಾಡಿಗೆಗೆ ಒಂದು, ತೆರಿಗೆಗೆ ಒಂದು, ನನ್ನ ಸಂಬಳಕ್ಕೆ ಒಂದು, ಯಾರೂ ಬಾರದ ತಿಂಗಳಿಗೆ ಒಂದು. ಐದನೆಯದು ಅವರ ಗುರುಗಳಿಗೆ. ಮೇಡಂ ಕೂಡ ಒಬ್ಬ ಹಿರಿಯರ ಹತ್ತಿರ ಹೋಗಿ ಫೀಸು ಕೊಟ್ಟು ಸಲಹೆ ಕೇಳುತ್ತಾರೆ, ಗೊತ್ತಾ? ಹೊಸ ನಿಯಮಗಳೂ ಬಂದವು. ತಿಳಿಸದೆ ತಪ್ಪಿಸಿಕೊಂಡ ಗಂಟೆಗೂ ಫೀಸು ಕೊಡಬೇಕು. ಹಳಬರು ತಮ್ಮ ಸರದಿ ಮುಗಿಸುವವರೆಗೆ ಹಾಗೇ ಇರಲಿ, ಹೊಸಬರಲ್ಲಿ ಮಾತ್ರ ವಾರಕ್ಕೆ ಮೂರೇ ಗಂಟೆ ಅರ್ಧ ಫೀಸಿಗೆ.

ಆ ಮೂರು ಯಾರಿಗೆ? ಮೇಡಂ ನನ್ನನ್ನು ಕರೆದು ಹೇಳಿದರು: "ಒಳಗೆ ಅವರ ಅಳು ಕೇಳಿ, ಕೊನೆಗೆ ನಾನೇ ದುಡ್ಡಿನ ಮಾತೆತ್ತಿದ್ರೆ ಅವರ ಬಾಯಿ ಕಟ್ಟಿಹೋಗುತ್ತೆ. ನೀನು ಹೊರಗಡೆ ಕೇಳು. ಪೂರ್ತಿ ಕೊಡೋಕಾಗುತ್ತಾ, ಕಷ್ಟ ಆಗುತ್ತಾ ಅಂತ. ಎಲ್ಲರನ್ನೂ ಕೇಳು."

ನನ್ನಿಂದ ಆಗಲಿಲ್ಲ ಅಪ್ಪ. ಗಿರಾಕಿಗಳ ಹತ್ತಿರ ಬಾಕಿ ಕೇಳು ಎಂದು ನೀನು ಅಂದರೆ ಇಸ್ತ್ರಿ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದವಳು ನಾನು. ಅದಕ್ಕೆ ಕೇಳುವುದರ ಬದಲು ಬಟ್ಟೆ ನೋಡತೊಡಗಿದೆ. ನೀನೇ ಕಲಿಸಿದ್ದಲ್ಲವೇ? ನೀನು ಒಂದು ಅಂಗಿ ಎತ್ತಿ ಹಿಡಿದರೆ ಆ ಮನೆಯಲ್ಲಿ ಎಷ್ಟು ಜನ, ಎಂಥ ಸೋಪು, ತಿಂಗಳ ಕೊನೆಗೆ ಹೇಗೆ ಎಂದು ಹೇಳಿಬಿಡುತ್ತಿದ್ದೆ. ತೋಳಿನ ಅಂಚು ಎಳೆಬಿಟ್ಟಿದ್ದ ಕಾವಲುಗಾರನಿಗೆ ಒಂದು ಗಂಟೆ ಕೊಟ್ಟೆ. ಚಪ್ಪಲಿಗೆ ದಾರ ಹೊಲಿದುಕೊಂಡಿದ್ದ ಹೆಂಗಸಿಗೆ ಇನ್ನೊಂದು. ನನ್ನ ಎರಡೂ ಅಂದಾಜು ಸರಿಹೋದವು. ನನಗೆ ಒಳಗೊಳಗೇ ಜಂಬ.

ಅದೇ ವಾರ ಒಬ್ಬರು ಬಂದರು. ಬಿಳಿ ಅಂಗಿ. ತೋಳಿನ ಗೆರೆ ನೀನು ಹಾಕಿದ ಹಾಗೆ, ಬೆರಳಿಟ್ಟರೆ ಕುಯ್ಯಬೇಕು. ಮನಸ್ಸಿನಲ್ಲೇ ಅವರಿಗೆ ‘ಗರಿಗರಿಯವರು’ ಎಂದು ಹೆಸರಿಟ್ಟು, ಏನೂ ಕೇಳದೆ ಗುರುವಾರ ನಾಲ್ಕು ಗಂಟೆ, ಪೂರ್ತಿ ಫೀಸು ಎಂದು ಬರೆದುಕೊಂಡೆ.

ಮೊದಲ ವಾರಗಳಲ್ಲಿ ಅವರು ತಲೆ ಎತ್ತಲೇ ಇಲ್ಲ. ಐದನೇ ವಾರ ಗೋಡೆ ನೋಡಿ, "ನಿಮ್ಮ ಗಡಿಯಾರ ಎರಡು ನಿಮಿಷ ಮುಂದಿದೆ" ಎಂದರು. ಅದೇ ಅವರ ಮೊದಲ ಮಾತು. ಏಳನೇ ವಾರ, "ಎರಡು ನಿಮಿಷ ಲಾಭ ಹೊಡೀತಿದ್ದೀರಿ" ಎಂದು ನಕ್ಕರು. ನಾನೂ ನಕ್ಕೆ. ಎಂಟು ವಾರ ಬಂದರು. ಒಂಬತ್ತನೇ ವಾರ ಬರಲಿಲ್ಲ. ಹತ್ತಕ್ಕೂ ಇಲ್ಲ.

"ಹೋಗುವಾಗ ನಿನ್ನ ಹತ್ರ ಏನಾದ್ರೂ ಹೇಳಿದ್ರಾ?" ಎಂದು ಮೇಡಂ ಕೇಳಿದರು. ಇಲ್ಲ ಎಂದೆ.

ಬಾರದ ಗಂಟೆಗಳ ಪಟ್ಟಿಯನ್ನು ಲೆಕ್ಕದವರು ನನ್ನ ಕೈಗೆ ಕೊಟ್ಟು ಹೋಗಿದ್ದರು. ಒಬ್ಬೊಬ್ಬರಿಗೇ ಫೋನ್ ಮಾಡಿ ಚೀಟಿ ನೋಡಿ ಓದಿದೆ. ಎದುರಿಗೆ ಮುಖ ಇಲ್ಲದಿದ್ದರೆ ನನಗೂ ಧೈರ್ಯ ಬರುತ್ತದೆ. ಗರಿಗರಿಯವರ ಮನೆಯಲ್ಲಿ ಅವರ ತಾಯಿ ಎತ್ತಿಕೊಂಡರು. ಪೂರ್ತಿ ಕೇಳಿಸಿಕೊಂಡು, "ಎಷ್ಟಮ್ಮಾ? ತರ್ತೀನಿ" ಎಂದರು.

ಸೋಮವಾರ ತಂದೇಬಿಟ್ಟರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಕರವಸ್ತ್ರದ ಗಂಟು ಬಿಚ್ಚಿ ಚಿಲ್ಲರೆ ನೋಟುಗಳನ್ನು ಮೇಜಿನ ಮೇಲಿಟ್ಟರು. ಕೆಲಸ ಹೋಗಿ ವರ್ಷವಾಯಿತಂತೆ ಮಗನಿಗೆ. ಇಲ್ಲಿಗೆ ಕಳಿಸಲು ಒಂದು ಬಳೆ ಮಾರಿದ್ದರಂತೆ.

ನನಗೆ ತಡೆಯಲಾಗಲಿಲ್ಲ. "ಆದ್ರೆ ಅಮ್ಮಾ, ಅವರ ಅಂಗಿ..." ಎಂದೆ.

"ಅದಾ? ಇರೋದೇ ಅದೊಂದು. ಬುಧವಾರ ತಾನೇ ಒಗೆದು, ತಾನೇ ಇಸ್ತ್ರಿ ಮಾಡ್ಕೊತಿದ್ದ. ಒಂದೊಂದು ತೋಳಿಗೆ ಅರ್ಧ ಗಂಟೆ. ವರ್ಷದಿಂದ ಹಾಸಿಗೆ ಬಿಟ್ಟು ಏಳದೋನು ಅದೊಂದು ಕೆಲಸಕ್ಕೆ ಏಳ್ತಿದ್ದ ಕಣಮ್ಮಾ. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ. ಈಗ ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಯಾಕೋ ಅಂದ್ರೆ ಹೇಳಲ್ಲ. ಬಳೆ ಇನ್ನೊಂದಿತ್ತು, ನಾನೇನು ಬೇಡ ಅಂದಿರ್ಲಿಲ್ಲ."

ಮೇಡಂ ಹೊರಗೆ ಬಂದರು. ಆ ದುಡ್ಡನ್ನು ಮತ್ತೆ ಗಂಟು ಕಟ್ಟಿಸಿ, ತಾಯಿಯನ್ನು ಒಳಗೆ ಕರೆದುಕೊಂಡು ಹೋದರು. ಆಮೇಲೆ ಮೂರು ಸಲ ಅವರ ಮನೆಗೆ ಫೋನ್ ಮಾಡಿದ್ದಾರೆ. ಗರಿಗರಿಯವರು ಫೋನಿಗೆ ಬರುವುದಿಲ್ಲ. ಗುರುವಾರ ನಾಲ್ಕು ಗಂಟೆಯನ್ನು ಮೇಡಂ ಯಾರಿಗೂ ಕೊಟ್ಟಿಲ್ಲ. ಬಾಗಿಲು ತೆರೆದಿಟ್ಟುಕೊಂಡು, ಎದುರಿನ ಖಾಲಿ ಕುರ್ಚಿ ನೋಡುತ್ತ ಒಬ್ಬರೇ ಕುಳಿತಿರುತ್ತಾರೆ. ಈ ತಿಂಗಳ ಕೊನೆಯವರೆಗೆ ಮಾತ್ರ, ಅದರ ಮೇಲೆ ಆಗುವುದಿಲ್ಲ ಎಂದು ಲೆಕ್ಕದವರು ಹೇಳಿದ್ದಾರೆ. ಈ ಸಲ ಅವರೂ ಜೋರು ಮಾಡಲಿಲ್ಲ.

ಹಣ ಎಂದಿನಷ್ಟೇ ಕಳಿಸಿದ್ದೇನೆ. ಮೊದಲು ಪೆಟ್ಟಿಗೆ ಕೊಂಡುಕೋ. ನಿನ್ನ ಕೈನೋವು ಇಳಿಯಲಿ, ಅಮ್ಮನ ಕೆಮ್ಮು ನಿಲ್ಲಲಿ. ನಿಮ್ಮಿಬ್ಬರ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಮೂಗಿ

ಇನ್ನೊಂದು ಮಾತು. (ಶುಕ್ರವಾರ)

ಇದು ಮರೆತು ಬಿಟ್ಟದ್ದಲ್ಲ. ಬರೆಯಲು ಕೈ ಬಂದಿರಲಿಲ್ಲ. ಮೇಡಂಗೆ ಇಲ್ಲ ಎಂದೆನಲ್ಲ, ಅದು ಸುಳ್ಳು. ಎಂಟನೇ ಗುರುವಾರ ಹೋಗುವಾಗ ಗರಿಗರಿಯವರು ನನ್ನ ಮೇಜಿನ ಹತ್ತಿರ ನಿಂತು, ಫ್ಯಾನಿನ ಸದ್ದಿಗಿಂತ ಮೆಲ್ಲಗೆ, "ಇಲ್ಲಿ ಅರ್ಧ ಫೀಸಿಗೂ ನೋಡ್ತಾರಂತೆ, ಹೌದಾ?" ಎಂದು ಕೇಳಿದ್ದರು. ಅರ್ಧ ಫೀಸಿನ ಮೂರನೆಯ ಗಂಟೆ ಇನ್ನೂ ಖಾಲಿಯೇ ಇತ್ತು. ನಾನು ಅಂಗಿ ನೋಡಿದೆ. "ಅದು ಇಲ್ಲದೋರಿಗೆ, ಸರ್" ಎಂದೆ. ಅವರು, "ಸರಿ ಸರಿ, ಇಲ್ಲದೋರಿಗೇ ಇರ್ಲಿ" ಎಂದು ನಕ್ಕು, ಪೂರ್ತಿ ಹಣ ಎಣಿಸಿ ಇಟ್ಟು ಹೋದರು. ಹುಟ್ಟಿದಂದಿನಿಂದ ಜನರ ಮುಖ ನೋಡಿ ಮಾತಾಡಲಾರದವಳು, ಆ ಒಂದು ಮಾತನ್ನು ಮಾತ್ರ ತೊದಲದೆ ಆಡಿದ್ದೆ.

ನಿನ್ನೆ ನಾಲ್ಕು ಗಂಟೆಗೆ, ಆ ಕುರ್ಚಿ ಖಾಲಿ ಇರುವಾಗ, ಒಳಗೆ ಹೋಗಿ ಮೇಡಂಗೆ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. "ಕೇಳೋದು ನನ್ನ ಕೆಲಸ. ನನಗೆ ನಾಚಿಕೆ ಅಂತ ನಿನ್ನ ತಲೆಗೆ ಕಟ್ಟಿದೆ" ಎಂದು ಕಣ್ಣೊರೆಸಿಕೊಂಡರು. ಆ ಸರ್ ಮತ್ತೆ ಬರುತ್ತಾರಾ ಎಂದು ಕೇಳಿದೆ. "ಗೊತ್ತಿಲ್ಲ" ಎಂದರು.

ಇವತ್ತು ಬೆಳಿಗ್ಗೆ ಹೊಸಬರೊಬ್ಬರು ಬಂದರು. ಕಿವಿಯಲ್ಲಿ ಚಿನ್ನ, ಕೈಯಲ್ಲಿ ಚರ್ಮದ ಚೀಲ. ಎದ್ದು ನಿಂತು ಕೇಳಿದೆ: "ಪೂರ್ತಿ ಫೀಸು ಕೊಡೋಕಾಗುತ್ತಾ ಅಮ್ಮಾ, ಕಷ್ಟ ಆಗುತ್ತಾ?"

"ಯಾಕೆ, ನನ್ನ ನೋಡಿದ್ರೆ ಹಾಗೆ ಕಾಣುತ್ತಾ?" ಎಂದು ಸಿಡುಕಿದರು.

"ಕಾಣಲ್ಲಮ್ಮಾ. ಅದಕ್ಕೇ ಕೇಳ್ತಿರೋದು" ಎಂದೆ.

ಅವರು ಚೀಲ ತೆರೆದು ಪೂರ್ತಿ ಹಣ ತೆಗೆದು ಕೊಟ್ಟರು. ರಸೀದಿ ಬರೆದೆ.